ಷರಾ ಸಹಿತ

ಸಂಶೋಧನ ಪ್ರಬಂಧದ ಬೆನ್ನಿಗೆ ಅಂಟಿಕೊಂಡು ಬರುವ ಗ್ರಂಥಋಣವನ್ನು ಓದುವವರು ಲೋಕದಲ್ಲಿ ಎರಡೇ ಪಂಗಡ. ತಮ್ಮ ಹೆಸರು ಅದರಲ್ಲಿ ಇದೆಯೋ ಇಲ್ಲವೋ ಎಂದು ಹುಡುಕುವವರದು ಒಂದು, ಇಡೀ ಪಟ್ಟಿಯನ್ನೇ ಎತ್ತಿ ತಮ್ಮ ಪ್ರಬಂಧಕ್ಕೆ ಅಂಟಿಸಿಕೊಳ್ಳುವವರದು ಇನ್ನೊಂದು. ಜನ್ಮದಲ್ಲಿ ಪುಸ್ತಕ ಬರೆಯದ ನನಗೆ ಮೊದಲನೆಯ ಪಂಗಡಕ್ಕೆ ಪ್ರವೇಶ ಇರಲಿಲ್ಲ. ಎರಡನೆಯದರಲ್ಲಿ ಹೋದ ದಿನವೇ ಆಜೀವ ಸದಸ್ಯತ್ವ ಸಿಕ್ಕಿತು.

ಬ್ಯಾಂಕಿನ ಕೆಲಸಕ್ಕೆ ಸ್ವಯಂ ನಿವೃತ್ತಿ ಕೊಟ್ಟು ಸಮಾಜಶಾಸ್ತ್ರದ ಎಂ.ಎ.ಗೆ ಸೇರುತ್ತೇನೆ ಎಂದಾಗ ನಮ್ಮ ಯಜಮಾನರು ಅಡ್ಡಿ ಮಾಡಲಿಲ್ಲ. "ಇಷ್ಟು ವರ್ಷ ಸಮಾಜವನ್ನ ಸುಮ್ಮನೆ ಬೈತಿದ್ದೆ, ಇನ್ಮೇಲೆ ಶಾಸ್ತ್ರೋಕ್ತವಾಗಿ ಬೈಬಹುದು" ಎಂದು ಫೀಸು ಕಟ್ಟಿದರು. ತರಗತಿಯಲ್ಲಿ ಇದ್ದವರೆಲ್ಲ ನನ್ನ ಮಗಳಿಗಿಂತ ಚಿಕ್ಕವರು. ಎದುರಿಗೆ ‘ಮೇಡಂ’ ಅನ್ನುವರು, ಬೆನ್ನ ಹಿಂದೆ ‘ಆಂಟಿ’, ಪರೀಕ್ಷೆ ಹತ್ತಿರ ಬಂದು ನೋಟ್ಸು ಬೇಕಾದಾಗ ‘ಅಕ್ಕಾ’. ಬಂಧುತ್ವ ವ್ಯವಸ್ಥೆಯ ಪಾಠ ನನಗೆ ಅಲ್ಲಿಗೇ ಮುಗಿಯಿತು.

ಕೊನೆಯ ಸೆಮಿಸ್ಟರಿಗೆ ಸಂಶೋಧನ ಪ್ರಬಂಧ ಬರೆಯಬೇಕು. ಹುಡುಗ ಹುಡುಗಿಯರೆಲ್ಲ ಜಾಗತೀಕರಣ, ನಗರೀಕರಣ ಎಂದು ದೊಡ್ಡ ದೊಡ್ಡ ವಿಷಯಗಳ ಮೇಲೆ ಕೈ ಹಾಕಿದರು. ನಾನು ಜಾಣತನ ಮಾಡಿದೆ. ‘ಹಳೆ ಮೈಸೂರು ಸೀಮೆಯ ಮದುವೆಗಳಲ್ಲಿ ಮುಯ್ಯಿ’ ಎಂದು ಬರೆದುಕೊಟ್ಟೆ. ಮದುವೆಗೆ ಹೋಗಿ ಕವರು ಕೊಟ್ಟು ಉಂಡು ಬರುವುದು ನನಗೆ ಕರತಲಾಮಲಕ. ಅದಕ್ಕೆ ಪುಸ್ತಕ ಯಾಕೆ ಓದಬೇಕು ಎಂಬುದು ನನ್ನ ಲೆಕ್ಕ.

ಗೈಡ್ ಮೇಡಂ ವಿಷಯವನ್ನು ಮೆಚ್ಚಿಕೊಂಡರು. "ಚೆನ್ನಾಗಿದೆ. ಅಧ್ಯಾಯ ಬರೆಯೋದು ಆಮೇಲೆ. ಮೊದಲು ಟಿಪ್ಪಣಿ ಸಹಿತ ಗ್ರಂಥಸೂಚಿ ತನ್ನಿ. ಇಪ್ಪತ್ತೈದು ಪುಸ್ತಕ, ಲೇಖನ. ಒಂದೊಂದಕ್ಕೂ ನಾಲ್ಕು ಮಾತು ಬೇಕು. ಬರೆದವನು ಏನು ಹೇಳ್ತಾನೆ, ಅದು ಅವನಿಗೆ ಹೇಗೆ ಗೊತ್ತಾಯ್ತು, ಎಲ್ಲಿ ಎಡವಿದ್ದಾನೆ, ನಿಮಗೆ ಅದರಿಂದ ಏನು ಪ್ರಯೋಜನ. ಬರೀ ಪಟ್ಟಿ ಯಾರು ಬೇಕಾದರೂ ಮಾಡ್ತಾರೆ. ನನಗೆ ಷರಾ ಬೇಕು."

ಷರಾ ಅಂದ ತಕ್ಷಣ ನನಗೆ ಜೀವ ಬಂತು. ಲೆಡ್ಜರಿನ ಬಲತುದಿಯಲ್ಲಿ ‘ಸರಿ ಇದೆ’, ‘ಪರಿಶೀಲಿಸಲಾಗಿದೆ’ ಎಂದು ಷರಾ ತುಂಬಿಸುತ್ತಲೇ ಆಯಸ್ಸು ಸವೆಸಿದವಳು ನಾನು. ಪರಿಶೀಲಿಸದೆಯೇ ‘ಪರಿಶೀಲಿಸಲಾಗಿದೆ’ ಎಂದು ಬರೆಯುವ ಕಲೆ ಬ್ಯಾಂಕಿನವರಿಗೆ ಯಾರೂ ಕಲಿಸಬೇಕಾಗಿಲ್ಲ.

ಹಿಂದಿನ ವರ್ಷದ ವಿದ್ಯಾರ್ಥಿನಿಯೊಬ್ಬಳು ಮುಯ್ಯಿಗೆ ಹತ್ತಿರದ ವಿಷಯದ ಮೇಲೆ ಪ್ರಬಂಧ ಬರೆದಿದ್ದಳು. ಅವಳ ಗ್ರಂಥಋಣವನ್ನು ನಾನು ಸಾಲ ತಂದೆ. ಅವಳು ಅದನ್ನು ತನ್ನ ಸೀನಿಯರಿನಿಂದ ತಂದಿದ್ದಳು, ಅವನು ತನ್ನ ಸೀನಿಯರಿನಿಂದ. ಈ ವಂಶಾವಳಿಯನ್ನು ಹಿಡಿದು ಮೇಲಕ್ಕೆ ಹೋದರೆ ಒಂದು ವಿಸ್ಮಯ ಕಾಣುತ್ತಿತ್ತು. ಉಡುಗೊರೆಯ ಬಗ್ಗೆ ಮೂಲಗ್ರಂಥ ಬರೆದ ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮಾಸ್, ತೀರಾ ಹಳೆಯ ಪಟ್ಟಿಯಲ್ಲಿ ಮಾರ್ಸೆಲ್ ಆಗಿಯೇ ಇದ್ದ. ಮುಂದಿನ ಬ್ಯಾಚಿಗೆ ಬರುವಾಗ ಮಾರ್ಷಲ್ ಆಗಿದ್ದ. ನನ್ನ ಕೈ ಸೇರುವ ಹೊತ್ತಿಗೆ ಏರ್ ಮಾರ್ಷಲ್‌ನಂತೆ ಹೆಸರಿನ ಹಿಂದೆ ಮುಂದೆ ಚುಕ್ಕಿಗಳು ಬಂದಿದ್ದವು. ಇನ್ನೆರಡು ಬ್ಯಾಚು ಕಳೆದಿದ್ದರೆ ಫೀಲ್ಡ್ ಮಾರ್ಷಲ್ ಆಗಿ ನಮ್ಮ ಕೊಡಗಿನ ಕಾರ್ಯಪ್ಪನವರ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದ.

ಪಟ್ಟಿ ಸಿಕ್ಕಿತು, ಇನ್ನು ಷರಾ. ಪುಸ್ತಕದ ಹೆಸರನ್ನು ನೋಡಿದರೆ ಒಳಗೇನಿದೆ ಎಂದು ತಿಳಿಯದಷ್ಟು ದಡ್ಡಿಯೇ ನಾನು? ಮಲಿನೋವ್‌ಸ್ಕಿಯ ‘ಆರ್ಗೊನಾಟ್ಸ್ ಆಫ್ ದಿ ವೆಸ್ಟರ್ನ್ ಪೆಸಿಫಿಕ್’, 1922. ಪೆಸಿಫಿಕ್ ಎಂದರೆ ಸಾಗರ. "ಪಶ್ಚಿಮ ಪೆಸಿಫಿಕ್‌ನ ನೌಕಾಪಡೆಯ ಸಾಹಸಗಳನ್ನು ಲೇಖಕರು ಮನಮುಟ್ಟುವಂತೆ ವಿವರಿಸಿದ್ದಾರೆ" ಎಂದು ಬರೆದೆ. ಗ್ಲೋರಿಯಾ ರಹೇಜಾ ಅವರ ‘ದಿ ಪಾಯ್ಸನ್ ಇನ್ ದಿ ಗಿಫ್ಟ್’, 1988. ವಿಷ ಅಂತ ಹೆಸರಿನಲ್ಲೇ ಇದೆ. "ಮದುವೆಯ ಸಿಹಿತಿಂಡಿಗಳಲ್ಲಿ ಕಲಬೆರಕೆಯ ಅಪಾಯವನ್ನು ಲೇಖಕಿ ಎತ್ತಿ ತೋರಿಸಿದ್ದಾರೆ." ಜೊನಾಥನ್ ಪ್ಯಾರಿ 1986ರಲ್ಲಿ ಬರೆದ ಲೇಖನವೊಂದರ ಹೆಸರಿನಲ್ಲಿ ‘ಗಿಫ್ಟ್’ ಎಂಬುದು ಮೂರು ಸಲ ಬರುತ್ತದೆ. "ಲೇಖಕರು ಉಡುಗೊರೆಗೆ ಮೂರು ಪಟ್ಟು ಒತ್ತು ನೀಡಿದ್ದಾರೆ."

ಎಡವಿದ್ದು ಎಲ್ಲಿ ಎನ್ನುವ ಭಾಗಕ್ಕೆ ಒಂದೇ ಸಾಲನ್ನು ಎಲ್ಲದರ ಕೆಳಗೂ ಇಳಿಸಿದೆ: "ಕರ್ನಾಟಕದ ಬಗ್ಗೆ ಪ್ರಸ್ತಾಪ ಇಲ್ಲದಿರುವುದು ಈ ಕೃತಿಯ ಕೊರತೆ." ಪ್ರಯೋಜನ ಏನು ಎಂಬುದಕ್ಕೂ ಒಂದೇ ಸಾಲು: "ನನ್ನ ಅಧ್ಯಯನಕ್ಕೆ ಅತ್ಯಂತ ಉಪಯುಕ್ತ." ರಾತ್ರಿ ಅಡುಗೆ ಮುಗಿದು ಕುಕ್ಕರಿನ ಗಾಳಿ ಇಳಿಯುವುದರೊಳಗೆ ಇಪ್ಪತ್ತೈದೂ ಮುಗಿದಿದ್ದವು. ಇಷ್ಟಕ್ಕೆ ಜನ ಪಿಎಚ್.ಡಿ. ಅಂತ ಐದೈದು ವರ್ಷ ಏನು ಮಾಡುತ್ತಾರೋ ಎಂದು ಯಜಮಾನರ ಹತ್ತಿರ ಬೀಗಿದೆ.

ಮೇಡಂ ಕನ್ನಡಕ ಏರಿಸಿ ಓದತೊಡಗಿದರು. ಒಂದು ಕಡೆ ನಿಂತರು.

"ಎಂ.ಎನ್. ಶ್ರೀನಿವಾಸ್, ‘ಮ್ಯಾರೇಜ್ ಅಂಡ್ ಫ್ಯಾಮಿಲಿ ಇನ್ ಮೈಸೂರ್’, 1942. ಕೊರತೆ: ಕರ್ನಾಟಕದ ಬಗ್ಗೆ ಪ್ರಸ್ತಾಪ ಇಲ್ಲ?"

"ಆಗಿನ್ನೂ ಏಕೀಕರಣ ಆಗಿರಲಿಲ್ಲ ಮೇಡಂ" ಎಂದೆ. ಬ್ಯಾಂಕಿನ ಆಡಿಟರುಗಳ ಮುಂದೆ ಇಂಥ ಉತ್ತರಗಳು ನಡೆಯುತ್ತಿದ್ದವು.

"ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ನೌಕಾಪಡೆ ಯಾವಾಗ ಬಂತು?"

ನಾನು ಫ್ಯಾನು ನೋಡಿದೆ. ಮೇಡಂ ತಾಳ್ಮೆಯಿಂದ ಕುಲಾ ಎಂಬ ವಿನಿಮಯದ ಕತೆ ಹೇಳಿದರು. ಆ ದ್ವೀಪಗಳ ಸುತ್ತಿನಲ್ಲಿ ಕೆಂಪು ಚಿಪ್ಪಿನ ಹಾರಗಳು ಗಡಿಯಾರದ ಮುಳ್ಳಿನ ದಿಕ್ಕಿಗೆ ದ್ವೀಪದಿಂದ ದ್ವೀಪಕ್ಕೆ ಹೋಗುತ್ತವೆ, ಬಿಳಿ ಚಿಪ್ಪಿನ ತೋಳಬಳೆಗಳು ಎದುರು ದಿಕ್ಕಿಗೆ. ಯಾರೂ ಅವನ್ನು ಬಹಳ ಕಾಲ ಇಟ್ಟುಕೊಳ್ಳುವಂತಿಲ್ಲ. ದಿನಬಳಕೆಗಂತೂ ಬಾರದ ಈ ಒಡವೆಗಳಿಗಾಗಿ ಜನ ದೋಣಿ ಹತ್ತಿ ಪ್ರಾಣ ಪಣಕ್ಕಿಟ್ಟು ಹೋಗುತ್ತಾರೆ. ಬಂದದ್ದನ್ನು ಮುಂದಕ್ಕೆ ದಾಟಿಸುವುದರಲ್ಲೇ ಇಡೀ ಮರ್ಯಾದೆ.

"ಬ್ಲೌಸ್ ಪೀಸು!" ಎಂದು ಕೂಗಿದೆ.

ಕೂಗದೆ ಇರುವುದು ಹೇಗೆ? ಗೌರಿ ಹಬ್ಬಕ್ಕೆ ನನ್ನ ನಾದಿನಿ ಕೊಟ್ಟ ಹಸಿರು ಬ್ಲೌಸ್ ಪೀಸನ್ನು ನಾನು ಮಹಡಿ ಮನೆಯವರಿಗೆ ಕೊಟ್ಟಿದ್ದೆ. ಅವರು ತಮ್ಮ ಬೀಗಿತ್ತಿಗೆ ಕೊಟ್ಟರು, ಆಕೆ ನಮ್ಮ ಓರಗಿತ್ತಿಗೆ. ಮುಂದಿನ ವರ್ಷದ ಅರಿಸಿನ ಕುಂಕುಮದಲ್ಲಿ ಅದೇ ಮಡಿಕೆ, ಅದೇ ಗುಂಡುಪಿನ್ನಿನ ತುಕ್ಕಿನ ಕಲೆ ಹೊತ್ತು ನನ್ನ ಮಡಿಲಿಗೇ ಬಂದು ಬಿತ್ತು. ಈವರೆಗೆ ಅದಕ್ಕೆ ಕತ್ತರಿ ಹಾಕಿದವರಿಲ್ಲ.

"ನೋಡಿ, ಈಗ ಹೇಳಿದ್ದು ಷರಾ" ಎಂದರು ಮೇಡಂ. "ಹಾಗೇ ಇನ್ನೊಂದು ವಿಷಯ. ನೀವು ತಂದ ಈ ಗ್ರಂಥಸೂಚಿಯೂ ಕುಲಾದಲ್ಲೇ ಇದೆ. ಬ್ಯಾಚಿನಿಂದ ಬ್ಯಾಚಿಗೆ ಹೋಗ್ತಾ ಇದೆ. ಈ ಮಾರ್ಷಲ್ ಮಾಸ್‌ನ ನಾನು ವರ್ಷಕ್ಕೊಂದು ಸಲ ಭೇಟಿ ಮಾಡ್ತೀನಿ. ಮಡಿಕೆ ಬಿಚ್ಚಿದವರು ಇನ್ನೂ ಸಿಕ್ಕಿಲ್ಲ."

ಹೊರಡುವ ಮುಂಚೆ ಕೊನೆಯ ಅಸ್ತ್ರ ಬಿಟ್ಟೆ. ಶ್ರೀನಿವಾಸರ ಕತೆ ತರಗತಿಯಲ್ಲಿ ಕೇಳಿದ್ದು ನೆನಪಿತ್ತು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಕ್ಷೇತ್ರಕಾರ್ಯ ಮಾಡಿದ್ದರು. ಆ ಟಿಪ್ಪಣಿಗಳನ್ನೆಲ್ಲ ಒಪ್ಪಮಾಡಿ ಮೂರು ಪ್ರತಿ ಇಟ್ಟುಕೊಂಡಿದ್ದರು. 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಸಂಶೋಧನ ಕೇಂದ್ರಕ್ಕೆ ಯಾರೋ ಬೆಂಕಿ ಇಟ್ಟಾಗ ಮೂರೂ ಸುಟ್ಟುಹೋದವು. ಆಮೇಲೆ ನೆನಪಿನಿಂದಲೇ ‘ದಿ ರಿಮೆಂಬರ್ಡ್ ವಿಲೇಜ್’ ಬರೆದರು, 1976ರಲ್ಲಿ ಬಂತು, ಜಗತ್ತೇ ಓದಿತು.

"ಅಷ್ಟು ದೊಡ್ಡವರೇ ಟಿಪ್ಪಣಿ ಇಲ್ಲದೆ ನೆನಪಿನಿಂದ ಬರೆದಿದ್ದಾರೆ. ನಾನೂ ಹಾಗೇ ನೆನಪಿನಿಂದ..."

"ಅವರಿಗೆ ಇಡೀ ಊರು ನೆನಪಿತ್ತು. ನಿಮಗೇನು ನೆನಪಿದೆ?"

ಬ್ಲೌಸ್ ಪೀಸು ಎಂದು ಎರಡನೇ ಸಲ ಹೇಳುವ ಧೈರ್ಯ ಆಗಲಿಲ್ಲ.

ಹೀಗೆ ನಾನು ಲೈಬ್ರರಿ ಸೇರಿದೆ. ಬಾಗಿಲಲ್ಲೇ ಎಸ್.ಆರ್. ರಂಗನಾಥನ್ ಅವರ ಫೋಟೊ. ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು 1931ರಲ್ಲಿ ಕೊಟ್ಟವರು. ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ನೆಲೆಸಿ 1962ರಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನೆಗೆಂದೇ ಒಂದು ಕೇಂದ್ರ ಕಟ್ಟಿದವರು. ಅವರ ನಾಲ್ಕನೆಯ ಸೂತ್ರ ಓದುಗನ ಸಮಯ ಉಳಿಸಿ ಎನ್ನುತ್ತದೆ. ನಮ್ಮ ಲೈಬ್ರರಿಯವರು ಅದನ್ನು ಅಕ್ಷರಶಃ ಪಾಲಿಸುತ್ತಿದ್ದರು. ಪುಸ್ತಕ ಕೇಳಿದ ಕೂಡಲೇ "ಇಲ್ಲ" ಎಂದು ಓದುಗನ ಸಮಯವನ್ನು ಪೂರ್ತಿ ಉಳಿಸುತ್ತಿದ್ದರು.

ಮಾಸ್‌ನ ಪುಸ್ತಕ ಮಾತ್ರ ಇತ್ತು, ಮೊದಲ ಪುಟ ಇರಲಿಲ್ಲ. ಪ್ರಕಟವಾದ ವರ್ಷ ಬರೆಯದೆ ಗ್ರಂಥಸೂಚಿ ಪೂರ್ತಿಯಾಗುವುದಿಲ್ಲ. ವಿಚಾರಿಸಿದರೆ ಒಂದಲ್ಲ, ವರ್ಷಗಳ ಮೆರವಣಿಗೆಯೇ ಬಂತು. ಫ್ರೆಂಚಿನಲ್ಲಿ ಅದು ಬಂದ ಪತ್ರಿಕೆಯ ಸಂಚಿಕೆಯ ಮೇಲೆ 1923–24 ಎಂದಿದೆ. ಆ ಸಂಚಿಕೆ ಅಚ್ಚಾಗಿ ಹೊರಬಿದ್ದದ್ದು 1925ರಲ್ಲಿ. ಇಂಗ್ಲಿಷಿಗೆ ಒಬ್ಬರು 1954ರಲ್ಲಿ ತಂದರು, ಇನ್ನೊಬ್ಬರು 1990ರಲ್ಲಿ ಮತ್ತೆ ತಂದರು. "ಇಷ್ಟೊಂದು ಹುಟ್ಟಿದ ದಿನ ಇರೋನಿಗೆ ಜಾತಕ ಬರೆಸೋದು ಕಷ್ಟ" ಎಂದು ಯಜಮಾನರು ಕೈ ಚೆಲ್ಲಿದರು.

ಆಮೇಲೆ ಹೆಸರಿನ ಪಾಡು. ಎಪಿಎ ಎಂಬ ಒಂದು ಶೈಲಿ ಇದೆ. 1929ರಲ್ಲಿ ಏಳು ಪುಟದ ಲೇಖನವಾಗಿ ಹುಟ್ಟಿದ ಅದು ಈಗ ಏಳನೆಯ ಆವೃತ್ತಿಯಲ್ಲಿ ನಾನೂರು ಪುಟ ದಾಟಿದೆ. ಮನೆತನದ ಹೆಸರು ಮೊದಲು, ಸ್ವಂತ ಹೆಸರಿನ ಮೊದಲಕ್ಷರ ಆಮೇಲೆ ಎಂಬುದು ಅದರ ಕಟ್ಟಪ್ಪಣೆ. ನಮ್ಮ ಸೀಮೆಯಲ್ಲಿ ಬಹಳ ಮಂದಿಗೆ ಮನೆತನದ ಹೆಸರು ಎಂಬ ಪದಾರ್ಥವೇ ಇಲ್ಲ. ಊರಿನ ಹೆಸರು, ಅಪ್ಪನ ಹೆಸರು, ಕೊನೆಯಲ್ಲಿ ನಮ್ಮದು. ಮೈಸೂರು ನರಸಿಂಹಾಚಾರ್ ಶ್ರೀನಿವಾಸ್ ಅವರನ್ನು ಈ ಯಂತ್ರಕ್ಕೆ ಹಾಕಿ ತಿರುವಿದರೆ ಶ್ರೀನಿವಾಸ್ ಎಂಬುದು ವಂಶನಾಮವಾಗಿ, ತಾಯಿ ತೊಟ್ಟಿಲಲ್ಲಿ ಕರೆದ ಹೆಸರು ‘ಮೈಸೂರು’ ಎಂದಾಗುತ್ತದೆ. ‘ಮೈಸೂರು ಬುಡಕಟ್ಟುಗಳು ಮತ್ತು ಜಾತಿಗಳು’ ಎಂಬ ನಾಲ್ಕು ಸಂಪುಟಗಳದು ಇನ್ನೊಂದು ಬಗೆ. ಅವನ್ನು ಹೊತ್ತು ತರುವುದಕ್ಕೆ ಅಟೆಂಡರೇ ಬೇಕು. ಅದರ ಮೇಲೆ ಮೊದಲಿಗೆ ಹೆಸರಿರುವ ಎಚ್.ವಿ. ನಂಜುಂಡಯ್ಯನವರು ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು, ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿ. ಅವರು ತೀರಿಕೊಂಡದ್ದು 1920ರಲ್ಲಿ, ಸಂಪುಟಗಳು ಹೊರಬರತೊಡಗಿದ್ದು 1928ರಿಂದ, ಅನಂತಕೃಷ್ಣ ಅಯ್ಯರ್ ಅವರ ಕೈಯಲ್ಲಿ. ಸತ್ತ ಮೇಲೂ ಕೆಲಸ ಮುಗಿಸಿದವರ ಪುಸ್ತಕಕ್ಕೆ, ಬದುಕಿದ್ದೂ ಕೆಲಸ ಮುಗಿಸದ ನಾನು ಕೊರತೆ ಹುಡುಕಬೇಕಿತ್ತು.

ಈ ಕಷ್ಟ ನೋಡಲಾರದೆ ಅಕ್ಕನ ಮಗ ತನ್ನ ಮೊಬೈಲಿನ ಕೃತಕ ಬುದ್ಧಿವಂತನನ್ನು ಕೇಳಿದ. ಅದು ಕಣ್ಣು ಮಿಟುಕಿಸುವುದರೊಳಗೆ ಮುಯ್ಯಿಯ ಬಗ್ಗೆಯೇ ಒಂದು ಲೇಖನ ಹುಡುಕಿ ಕೊಟ್ಟಿತು. ಸಂಪುಟ, ಸಂಚಿಕೆ, ಪುಟ ಸಂಖ್ಯೆ, ಅಚ್ಚುಕಟ್ಟಾದ ಷರಾ ಎಲ್ಲ ಇತ್ತು. ಪತ್ರಿಕೆ ನಿಜ, ಸಂಪುಟ ನಿಜ, ಬರೆದವರೂ ನಿಜ. ಲೇಖನ ಒಂದನ್ನು ಮಾತ್ರ ಯಾರೂ ಬರೆದಿರಲಿಲ್ಲ. ನನ್ನ ಇಪ್ಪತ್ತೈದರಲ್ಲಿ ಮೇಡಂ ಮೆಚ್ಚಿಕೊಂಡದ್ದು ಅದೊಂದನ್ನೇ. "ಇದರ ಜೆರಾಕ್ಸ್ ಒಂದು ಕೊಡಿ, ನನಗೂ ಬೇಕು" ಎಂದರು. ಅವರ ಕಣ್ಣು ತಪ್ಪಿಸಿ ಓಡಾಡಲು ನಾನು ಹಿಂದಿನ ಗೇಟನ್ನು ಬಳಸತೊಡಗಿದೆ.

ಆ ದಿನಗಳಲ್ಲಿ ಒಂದು ಆಶಾಕಿರಣವೂ ಕಂಡಿತ್ತು. ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲಿ ಮಾಡಿದ ನಿಯಮದಲ್ಲಿ, ಬೇರೆಯವರ ಬರಹದೊಂದಿಗೆ ಹೋಲಿಕೆ ಶೇಕಡ 10ರವರೆಗೆ ಇದ್ದರೆ ದಂಡವಿಲ್ಲ. ಅದಕ್ಕಿಂತ ಸಿಹಿಯಾದ ಮಾತು, ಲೆಕ್ಕ ಹಾಕುವಾಗ ಗ್ರಂಥಸೂಚಿಯನ್ನು ಹೊರಗಿಡಬೇಕು ಎಂಬುದು. ಇಡೀ ಪ್ರಬಂಧದಲ್ಲಿ ಕದಿಯಲು ಸರ್ಕಾರವೇ ಬಿಟ್ಟುಕೊಟ್ಟ ಜಾಗ ಇದೊಂದು! ಕುಣಿದಾಡಿದೆ. ಮೇಡಂ ಶಾಂತವಾಗಿ, "ಪಟ್ಟಿ ಹೊರಗಿಡ್ತಾರೆ, ಷರಾ ಒಳಗೆ ಬರುತ್ತೆ" ಎಂದರು. ಅಲ್ಲಿಗೆ ದಾರಿಗಳೆಲ್ಲ ಮುಚ್ಚಿ, ಓದುವುದೊಂದೇ ಉಳಿಯಿತು.

ಮೊದಲ ಪುಟ ಇಲ್ಲದ ಮಾಸ್‌ನನ್ನು ಅಡುಗೆ ಮನೆಗೆ ತಂದು, ಹುರುಳಿಕಾಯಿ ಸೋಸುತ್ತಿದ್ದ ಅತ್ತೆಯವರ ಪಕ್ಕದಲ್ಲಿ ಕೂತು ಓದತೊಡಗಿದೆ. ಅತ್ತೆಗೆ ಎಂಬತ್ತು ದಾಟಿದೆ. ಓದಿದ್ದು ಲೋಯರ್ ಸೆಕೆಂಡರಿ. "ಅದೇನದು, ನನಗೂ ಹೇಳು" ಎಂದರು. ಹೇಳಿದೆ. ಉಡುಗೊರೆ ಅನ್ನೋದು ಮೇಲ್ನೋಟಕ್ಕೆ ಪ್ರೀತಿಯಿಂದ ಕೊಟ್ಟದ್ದು, ಒಳಗೆ ಎಲ್ಲ ಕಡ್ಡಾಯ. ಮೂರು ಕಟ್ಟುಪಾಡು ಇವೆ. ಕೊಡಬೇಕು, ಕೊಟ್ಟದ್ದನ್ನ ತಗೋಬೇಕು, ತಗೊಂಡದ್ದನ್ನ ತಿರುಗಿಸಬೇಕು. ಮಹಾಭಾರತದ ದಾನಧರ್ಮವನ್ನೂ ಅವನು ಇದರಲ್ಲಿ ತಂದಿದ್ದಾನೆ.

ಅತ್ತೆ ಹುರುಳಿಕಾಯಿ ಕೆಳಗಿಟ್ಟರು. "ಇದನ್ನ ಹೇಳೋಕೆ ಫ್ರಾನ್ಸಿನಿಂದ ಬರಬೇಕಿತ್ತಾ?" ಎಂದು ಎದ್ದು ಹೋಗಿ, ಟ್ರಂಕಿನ ತಳದಿಂದ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ ತಂದು ನನ್ನ ಮಡಿಲಿಗೆ ಹಾಕಿದರು.

ಅದು ಮುಯ್ಯಿ ಪುಸ್ತಕ. 1963ರಲ್ಲಿ ಅವರದೇ ಮದುವೆಯಿಂದ ಶುರು. ಯಾರ ಮದುವೆ, ಯಾರು ಕೊಟ್ಟರು, ಏನು ಕೊಟ್ಟರು, ಎಷ್ಟು ಬಾಳುತ್ತದೆ, ನಾವು ಅವರಿಗೆ ಹಿಂದೆ ಕೊಟ್ಟದ್ದೆಷ್ಟು. ಬಲತುದಿಯಲ್ಲಿ ಗೆರೆ ಎಳೆದು ಒಂದು ಕಾಲಮ್ಮು. ಅದರ ತಲೆಯ ಮೇಲೆ ದುಂಡಗಿನ ಅಕ್ಷರದಲ್ಲಿ ‘ಷರಾ’.

"ಸ್ಟೀಲ್ ಕೊಳಗ 1. ಹೆಸರು ಕೆತ್ತಿಸಿದ್ದಾರೆ. ಆದ್ದರಿಂದ ಮನೆಯಲ್ಲೇ ಉಳಿಯಿತು."

"ರೂ. 51. ನಾವು ಕೊಟ್ಟದ್ದು 25. ಅವರ ಮಗಳ ಮದುವೆ ಹತ್ತಿರ ಇದೆ."

"ಬೆಳ್ಳಿ ಕುಂಕುಮ ಬಟ್ಟಲು ಎಂದರು. ತಿಕ್ಕಿ ನೋಡಿದೆ."

"ಗೋಡೆ ಗಡಿಯಾರ 1. ನಾವೇ ಕೊಟ್ಟದ್ದು."

ನಾನು ಪುಟ ತಿರುವುತ್ತಲೇ ಇದ್ದೆ. ಏನು ಹೇಳಿದರು, ಅದು ನಿಜವೋ ಎಂದು ಹೇಗೆ ಗೊತ್ತಾಯಿತು, ಕೊರತೆ ಏನು, ನಮಗೇನು ಪ್ರಯೋಜನ: ಮೇಡಂ ಕೇಳಿದ ನಾಲ್ಕೂ ಮಾತು ಒಂದೊಂದು ಸಾಲಿನಲ್ಲಿ ಇತ್ತು. ನಮ್ಮ ದೇಶದಲ್ಲಿ ಇಂಥ ಸೂಚಿಯನ್ನು ಕಾನೂನೇ ಕೇಳುತ್ತದೆ ಎಂಬುದು ಆಮೇಲೆ ತಿಳಿಯಿತು, ಕೇಳುವುದು ಎಂ.ಎ. ವಿದ್ಯಾರ್ಥಿಗಳನ್ನಲ್ಲ, ಮದುಮಕ್ಕಳನ್ನು. ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ಮಾಡಿದ ನಿಯಮಗಳ ಪ್ರಕಾರ ವಧುವೂ ವರನೂ ತಮಗೆ ಬಂದ ಉಡುಗೊರೆಗಳ ಲಿಖಿತ ಪಟ್ಟಿ ಇಡಬೇಕು. ಪ್ರತಿಯೊಂದಕ್ಕೂ ಸಂಕ್ಷಿಪ್ತ ವಿವರಣೆ, ಅಂದಾಜು ಬೆಲೆ, ಕೊಟ್ಟವರ ಹೆಸರು, ನೆಂಟರಾಗಿದ್ದರೆ ಏನು ನೆಂಟಸ್ತಿಕೆ, ಕೊನೆಗೆ ಇಬ್ಬರ ಸಹಿ. ಸಹಿಯೊಂದನ್ನು ಬಿಟ್ಟರೆ ಅತ್ತೆ ಸರ್ಕಾರಕ್ಕಿಂತ ಇಪ್ಪತ್ತೆರಡು ವರ್ಷ ಮುಂದಿದ್ದರು. ‘ತಿಕ್ಕಿ ನೋಡಿದೆ’ ಎಂಬ ಸಂಶೋಧನ ವಿಧಾನವನ್ನು ಸರ್ಕಾರ ಇನ್ನೂ ಅಳವಡಿಸಿಕೊಂಡಿಲ್ಲ.

ಅಂದಿನಿಂದ ನನ್ನ ಓದು ಅತ್ತೆಯ ಅಧೀನಕ್ಕೆ ಬಂತು. ಹೆಸರು ನೋಡಿ ಷರಾ ಬರೆಯುವ ಆಟ ಅವರ ಮುಂದೆ ನಡೆಯುತ್ತಿರಲಿಲ್ಲ. ಮೇಡಂ ಕೇಳದ ಪ್ರಶ್ನೆಗಳನ್ನೆಲ್ಲ ಕೇಳುತ್ತಿದ್ದರು.

"ಆ ಮಲಿನೋವ್‌ಸ್ಕಿ ದ್ವೀಪದಲ್ಲಿ ಯಾರ ಮನೇಲಿ ಇಳಿದಿದ್ದ?"

ಓದಿ ಬಂದು ಹೇಳಿದೆ. "ಊರೊಳಗೇ ಟೆಂಟ್ ಹಾಕಿಕೊಂಡಿದ್ದ."

"ಅಷ್ಟು ಜನರ ಹತ್ತಿರ ವಿಷಯ ತಗೊಂಡನಲ್ಲ, ಅವರಿಗೇನು ಕೊಟ್ಟ?"

ಮತ್ತೆ ಓದಿ ಬಂದೆ. "ಹೊಗೆಸೊಪ್ಪು."

"ಹೆಂಗಸರಿಗೆ?"

ಅದನ್ನು ಎಷ್ಟು ಓದಿದರೂ ಸರಿಯಾದ ಉತ್ತರ ಸಿಗಲಿಲ್ಲ. ಅತ್ತೆ ಪೆನ್ನು ತೆಗೆದುಕೊಂಡು ನನ್ನ ಹಾಳೆಯ ಅಂಚಿನಲ್ಲಿ ತಾವೇ ಬರೆದರು: "ಟೆಂಟಿನಲ್ಲಿದ್ದ. ಹೊಗೆಸೊಪ್ಪು ಹಂಚಿದ. ಹೆಂಗಸರ ಕೊಡು ಕೊಳ್ಳುವಿಕೆ ಸರಿಯಾಗಿ ಕೇಳಿಲ್ಲ."

ಮಾಸ್‌ಗೆ: "ಹೇಳಿದ್ದು ಸರಿ. ತಿರುಗಿಸದೆ ಇರುವವರನ್ನು ಎರಡನೇ ಮದುವೆಗೆ ಕರೆಯಬೇಕೋ ಬೇಡವೋ ಸ್ಪಷ್ಟ ಇಲ್ಲ."

ರಹೇಜಾ ಅವರ ಪುಸ್ತಕದಲ್ಲಿ ಕಲಬೆರಕೆ ಲಡ್ಡು ಇರಲಿಲ್ಲ. ಉತ್ತರ ಪ್ರದೇಶದ ಒಂದು ಹಳ್ಳಿಯಲ್ಲಿ ಜಮೀನುದಾರರು ಕೊಡುವ ದಾನದ ಜೊತೆ ಅವರ ಅಶುಭವೂ ದಾಟಿ ತೆಗೆದುಕೊಂಡವನಿಗೆ ಅಂಟುತ್ತದೆ ಎಂಬ ವಿಚಾರ ಇತ್ತು. ಇದಕ್ಕೆ ಅತ್ತೆ ಬರೆದ ಷರಾ ಗಾತ್ರದಲ್ಲಿ ಎಲ್ಲಕ್ಕಿಂತ ಚಿಕ್ಕದು: "ಎಳ್ಳು ದಾನ. ಗೊತ್ತಿದ್ದದ್ದೇ."

ಹಾಳೆಗಳನ್ನು ಶುದ್ಧಪ್ರತಿ ಮಾಡಲು ಪುರುಸೊತ್ತಿರಲಿಲ್ಲ. ಅಂಚಿನ ಬರಹದ ಸಮೇತ ಮೇಡಂ ಮುಂದಿಟ್ಟೆ. ಮಲಿನೋವ್‌ಸ್ಕಿಯ ಪುಟದಲ್ಲಿ ಅವರು ಬಹಳ ಹೊತ್ತು ನಿಂತರು. "ಇದು ಯಾರ ಮಾತು?" ಎಂದರು. ಆನೆಟ್ ವೈನರ್ ಎಂಬ ವಿದ್ವಾಂಸೆ ಅದೇ ದ್ವೀಪಗಳಿಗೆ ಹೋಗಿ, ಸಾವಿನ ವಿಧಿಗಳಲ್ಲಿ ಹೆಂಗಸರು ಬಾಳೆ ಎಲೆಯ ಕಟ್ಟುಗಳನ್ನು ಹಂಚುವ ದೊಡ್ಡ ವ್ಯವಹಾರವನ್ನು ಕಂಡು, ಮಲಿನೋವ್‌ಸ್ಕಿ ಇದನ್ನು ಗಮನಿಸದೆ ಹೋದ ಎಂದು ತೋರಿಸಲು 1976ರಲ್ಲಿ ಒಂದು ಪುಸ್ತಕವನ್ನೇ ಬರೆಯಬೇಕಾಯಿತಂತೆ. "ನಿಮ್ಮ ಅತ್ತೆ ಹುರುಳಿಕಾಯಿ ಸೋಸ್ತಾ ಹೇಳಿದ್ದಾರೆ" ಎಂದರು. ಆ ಪುಸ್ತಕ ನನ್ನ ಇಪ್ಪತ್ತಾರನೆಯದಾಯಿತು. ಇದ್ದ ಇಪ್ಪತ್ತೈದರಲ್ಲಿ ಯಾರೂ ಬರೆಯದ ಆ ಲೇಖನವನ್ನು ಸದ್ದಿಲ್ಲದೆ ಕಿತ್ತು ಹಾಕಿದ್ದರಿಂದ ಲೆಕ್ಕ ಮತ್ತೆ ಇಪ್ಪತ್ತೈದಕ್ಕೇ ನಿಂತಿತು.

ಮುಯ್ಯಿ ಪುಸ್ತಕವೇ ನಿಮ್ಮ ಮುಖ್ಯ ಆಕರ, ಅದರ ಪುಟಗಳನ್ನು ಅನುಬಂಧದಲ್ಲಿ ಹಾಕಿ, ಆದರೆ ಹೆಸರುಗಳನ್ನು ಮರೆಮಾಡಿ ಎಂದು ಮೇಡಂ ಅಪ್ಪಣೆ ಕೊಟ್ಟರು. ಅತ್ತೆಗೆ ಇದು ರುಚಿಸಲಿಲ್ಲ. ಶ್ರೀನಿವಾಸರು ಊರಿಗೆ ‘ರಾಮಪುರ’ ಎಂದು ಹೆಸರು ಬದಲಿಸಿದ್ದರು, ಮಂಡ್ಯದ ಕಡೆ ಕೆಲಸ ಮಾಡಿದ ಸ್ಕಾರ್ಲೆಟ್ ಎಪ್‌ಸ್ಟೈನ್ ತಮ್ಮ ಎರಡು ಹಳ್ಳಿಗಳಿಗೆ ‘ವಂಗಲ’, ‘ದಲೇನ’ ಎಂದು ಇಟ್ಟಿದ್ದರು ಎಂದೆಲ್ಲ ಸಮಾಧಾನ ಹೇಳಿದೆ. "ಐವತ್ತೊಂದು ಕೊಟ್ಟವರ ಹೆಸರು ಯಾಕೆ ಮುಚ್ಚಬೇಕು? ಐದು ರೂಪಾಯಿ ಕೊಟ್ಟವರದು ಮುಚ್ಚು" ಎಂದರು. ಕೊನೆಗೆ ಎಲ್ಲ ಹೆಸರುಗಳ ಮೇಲೂ ಸ್ಕೆಚ್ ಪೆನ್ನಿನಿಂದ ಕಪ್ಪು ಬಳಿದು ಜೆರಾಕ್ಸ್ ಮಾಡಿಸಿದೆ. ಷರಾ ಮೇಲೆ ಮಾತ್ರ ಬಳಿಯಲಿಲ್ಲ. ಷರಾ ಇಲ್ಲದಿದ್ದರೆ ನನ್ನ ಪ್ರಬಂಧವೇ ಇಲ್ಲ.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಗಂಭೀರ ವ್ಯಕ್ತಿ. ಅರವತ್ತರ ಅಂಚು, ನರೆತ ಮೀಸೆ, ಕಡಿಮೆ ಮಾತು. ಮಾಸ್ ಬಗ್ಗೆ ಕೇಳಿದರು, ಹೇಳಿದೆ. ಕುಲಾ ಬಗ್ಗೆ ಕೇಳಿದರು, ಬ್ಲೌಸ್ ಪೀಸಿನ ಸಹಾಯವಿಲ್ಲದೆ ಹೇಳಿದೆ. ತೃಪ್ತರಾಗಿ ಅನುಬಂಧದ ಪುಟ ತಿರುವುತ್ತಿದ್ದವರು 1975ರ ಒಂದು ಮದುವೆಯ ಪುಟದಲ್ಲಿ ಥಟ್ಟನೆ ನಿಂತರು. ಬೆರಳು ಒಂದು ಸಾಲಿನ ಮೇಲೆ ಹೋಗಿ ಕೂತಿತು. ಕಿವಿ ಮೆಲ್ಲಗೆ ಕೆಂಪಾಯಿತು. ನಾನು ಬಗ್ಗಿ ನೋಡಿದೆ. ಕಪ್ಪು ಪಟ್ಟಿಯ ಪಕ್ಕದಲ್ಲಿ ಹೀಗಿತ್ತು:

"ರೂ. 11. ಜೀಪಿನಲ್ಲಿ ಹದಿನಾಲ್ಕು ಜನ ಬಂದರು. ಒಬ್ಬ ಹುಡುಗನೇ ಹನ್ನೊಂದು ಹೋಳಿಗೆ ತಿಂದ. ಲೆಕ್ಕ ಅಲ್ಲಿಗೇ ಸರಿಹೋಯಿತು. ಮೇಲೆ ಜಗಲಿಯಲ್ಲಿ ವಾಂತಿ."

"ಈ ದಾಖಲೆಯ ವಿಶ್ವಾಸಾರ್ಹತೆಯ ಬಗ್ಗೆ ನನಗೆ ಅನುಮಾನ ಇದೆ" ಎಂದರು ಪರೀಕ್ಷಕರು.

"ಯಾಕೆ ಸಾರ್?"

ಅವರು ಕಿಟಕಿ ನೋಡಿದರು, ಮೇಡಂ ಮುಖ ನೋಡಿದರು, ಕೊನೆಗೆ ಸತ್ಯಕ್ಕೆ ಶರಣಾದರು.

"ಆ ಹುಡುಗ ತಿಂದದ್ದು ಒಂಬತ್ತು."

ಮೇಡಂ ಕೈಯಲ್ಲಿದ್ದ ಕಾಫಿ ಲೋಟವನ್ನು ಬಹಳ ಎಚ್ಚರದಿಂದ ಮೇಜಿನ ಮೇಲಿಟ್ಟರು. ಆಕರಗಳ ನಡುವೆ ವಿರೋಧ ಬಂದರೆ ಮೂಲಕ್ಕೇ ಹೋಗಬೇಕು ಎಂದು ಸಂಶೋಧನ ವಿಧಾನದ ಪತ್ರಿಕೆಯಲ್ಲಿ ಬರೆದು ಅಂಕ ಗಿಟ್ಟಿಸಿದವಳು ನಾನು. ಅನುಮತಿ ಕೇಳಿ, ಮನೆಗೆ ಫೋನು ಹಚ್ಚಿ, ಸ್ಪೀಕರು ಒತ್ತಿ, ಪ್ರಶ್ನೆ ಇಟ್ಟೆ. ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ.

"ಒಂಬತ್ತು ಎಲೆ ಮೇಲೆ. ಎರಡು ಚಡ್ಡಿ ಜೇಬಿಗೆ. ಬಡಿಸಿದವಳು ನಾನು, ನೋಡಿಲ್ಲ ಅಂದ್ಕೊಂಡಿದ್ದ."

ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದು ಅಂಕಪಟ್ಟಿ ಎಳೆದುಕೊಂಡರು. ಹೊರಟಾಗ ಅತ್ತೆಯವರಿಗೆ ನಮಸ್ಕಾರ ತಿಳಿಸಿ ಎಂದರು, ಅದೂ ಬಾಗಿಲಿನ ಆಚೆ ನಿಂತು.

ಫಲಿತಾಂಶ ಬಂದ ಸಂಜೆ ಅತ್ತೆ ಕೇಳಿದ್ದು ಒಂದೇ ಮಾತು, ಎಷ್ಟು ಕೊಟ್ಟ ಎಂದು. ಅರವತ್ತೆಂಟು ಎಂದೆ. ಅವರು ಟ್ರಂಕು ತೆಗೆಸಿ, ಕೆಂಪು ಪುಸ್ತಕದಲ್ಲಿ 1975ರ ಪುಟ ಹುಡುಕಿ, ಆ ಸಾಲಿನ ತುದಿಯಲ್ಲಿ ಉಳಿದಿದ್ದ ಚೂರು ಜಾಗದಲ್ಲಿ ಬರೆದರು:

"ಸೊಸೆಗೆ ಮಾರ್ಕು 68 ಕೊಟ್ಟ. ಹೋಳಿಗೆ ಬಾಬ್ತು ಚುಕ್ತಾ. ವಾಂತಿದು ಬಾಕಿ ಇದೆ."